ಜಾಫ್ನಾ ಕೈವಶವಾದ ಮೇಲೆ

ನೆರೆಯ ದೇಶವೊಂದರಲ್ಲಿ ಸರ್ಕಾರ ಉರುಳಿದಾಗ, ಗಲಭೆ ಎದ್ದಾಗ ಅಥವಾ ನಮಗೆ ಒಗ್ಗದ ಯಾವುದೋ ದೇಶದ ಹಡಗು ಅಲ್ಲಿನ ಬಂದರಿಗೆ ಬಂದು ನಿಂತಾಗ, ನಮ್ಮ ಟೀವಿ ಚರ್ಚೆಗಳಲ್ಲಿ ಒಬ್ಬರಾದರೂ ಸೈನ್ಯ ಕಳುಹಿಸುವ ಮಾತೆತ್ತುತ್ತಾರೆ. ಕೂಡಲೇ ಮತ್ತೊಬ್ಬರು 1987ರ ಶ್ರೀಲಂಕಾವನ್ನು ನೆನಪಿಸುತ್ತಾರೆ. ಅದಕ್ಕೊಂದು ಸಿದ್ಧ ಉತ್ತರವಿದೆ: ಅಲ್ಲಿ ನಮ್ಮ ಸೈನ್ಯ ಗೆದ್ದಿತ್ತು, ಸೋತದ್ದು ರಾಜಕಾರಣ. ನಿವೃತ್ತ ಸೇನಾಧಿಕಾರಿಗಳ ಬಾಯಲ್ಲಿ, ಪತ್ರಿಕೆಗಳ ಅಂಕಣಗಳಲ್ಲಿ, ಊರಿನ ಮದುವೆ ಮನೆಯ ಪಡಸಾಲೆಯಲ್ಲಿ ಈ ಮಾತನ್ನು ಕೇಳಿದ್ದೇನೆ. ಎಲ್ಲರೂ ತಲೆದೂಗುತ್ತಾರೆ, ಮಾತು ಬೇರೆ ಕಡೆಗೆ ಹೊರಳುತ್ತದೆ. ನನಗೆ ಮಾತ್ರ ಆ ಉತ್ತರ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಎರಡು ವರ್ಷ ಎಂಟು ತಿಂಗಳು ನಡೆದ, ಸುಮಾರು 1,200 ಭಾರತೀಯ ಯೋಧರನ್ನೂ ಅದಕ್ಕಿಂತ ಹೆಚ್ಚಿನ ಸಂಖ್ಯೆಯ ಅಲ್ಲಿನ ಜನರನ್ನೂ ಬಲಿ ತೆಗೆದುಕೊಂಡ ಒಂದು ಕಾರ್ಯಾಚರಣೆ ಸಫಲವಾಯಿತೇ ಎಂದು ಕೇಳಿದರೆ, ಯಶಸ್ಸನ್ನು ಒಂದು ಇಲಾಖೆಗೂ ಸೋಲನ್ನು ಇನ್ನೊಂದು ಇಲಾಖೆಗೂ ಹಂಚಿ ಎದ್ದು ಹೋಗುವುದು ಯಾವ ಬಗೆಯ ಉತ್ತರ?

ಈ ಬರಹದಲ್ಲಿ ಆ ಹಂಚಿಕೆಯನ್ನು ಸ್ವಲ್ಪ ಕೆದಕಿ ನೋಡುವ ಉದ್ದೇಶವಿದೆ. ಆ ಸೈನ್ಯವನ್ನು ಕಳುಹಿಸಲು ಕಾರಣವಾದ ಭಾರತ-ಶ್ರೀಲಂಕಾ ಒಪ್ಪಂದದ ಪೂರ್ವಕಥೆಯನ್ನು, ತಮಿಳರ ಮೇಲೆ ನಡೆದ 1983ರ ಕಪ್ಪು ಜುಲೈ ಹತ್ಯಾಕಾಂಡದಿಂದ ಹಿಡಿದು ತಮಿಳು ಉಗ್ರರ ಗುಂಪುಗಳಿಗೆ ನಮ್ಮವರೇ ತರಬೇತಿ ಕೊಟ್ಟದ್ದರವರೆಗಿನ ಸಂಗತಿಗಳನ್ನು ಓದುಗರು ಬಲ್ಲರೆಂದು ಭಾವಿಸಿ ಮುಂದಕ್ಕೆ ಹೋಗುತ್ತೇನೆ. ಬೆಂಗಳೂರಿನವರಲ್ಲಿ ಅನೇಕರಿಗೆ ತಿಳಿಯದ ಒಂದು ವಿವರವನ್ನು ಮಾತ್ರ ಇಲ್ಲಿ ಸೇರಿಸಬೇಕು. 1987ರ ಜೂನ್ 4ರಂದು ಶ್ರೀಲಂಕಾ ಸೈನ್ಯ ಮುತ್ತಿದ್ದ ಉತ್ತರದ ತಮಿಳು ಪ್ರದೇಶ ಜಾಫ್ನಾದ ಮೇಲೆ ಆಹಾರ ಮತ್ತು ಔಷಧಿಯ ಗಂಟುಗಳನ್ನು ಉದುರಿಸಿದ ಐದು ಎಎನ್-32 ವಿಮಾನಗಳು ಹೊರಟದ್ದು ಬೆಂಗಳೂರಿನಿಂದ. ಅದಕ್ಕೂ ಮೊದಲು ರಾಮೇಶ್ವರದಿಂದ ಹೊರಟಿದ್ದ ದೋಣಿಗಳನ್ನು ಶ್ರೀಲಂಕಾದ ನೌಕಾಪಡೆ ಹಿಂದಕ್ಕೆ ಅಟ್ಟಿತ್ತು. ಮಿರಾಜ್ ಯುದ್ಧವಿಮಾನಗಳ ಕಾವಲಿನಲ್ಲಿ ಹಾರಿದ ಈ ವಿಮಾನಗಳನ್ನು ಅಟ್ಟುವವರಿರಲಿಲ್ಲ. ಸುಮಾರು ಇಪ್ಪತ್ತೈದು ಟನ್ ಸಾಮಗ್ರಿಯಿಂದ ಒಂದು ಮುತ್ತಿಗೆಯ ಹಸಿವು ಹಿಂಗುವುದಿಲ್ಲ, ಆದರೆ ಕೊಲಂಬೊಗೆ ಹೇಳಬೇಕಾದದ್ದನ್ನು ಹೇಳಲು ಅಷ್ಟು ಸಾಕಾಯಿತು. ಎಂಟು ವಾರಗಳೊಳಗೆ, ಜುಲೈ 29ರಂದು, ರಾಜೀವ್ ಗಾಂಧಿ ಮತ್ತು ಶ್ರೀಲಂಕಾದ ಅಧ್ಯಕ್ಷ ಜೆ. ಆರ್. ಜಯವರ್ಧನೆ ಕೊಲಂಬೊದಲ್ಲಿ ಒಪ್ಪಂದಕ್ಕೆ ಸಹಿ ಹಾಕಿದರು: ತಮಿಳರ ಪ್ರಾಂತ್ಯಕ್ಕೆ ಅಧಿಕಾರ, ಪ್ರತಿಯಾಗಿ ಉಗ್ರರಿಂದ ಶಸ್ತ್ರತ್ಯಾಗ. ಈ ಎಂಟು ವಾರಗಳ ವಿಚಾರಕ್ಕೆ ಕೊನೆಯಲ್ಲಿ ಮತ್ತೆ ಬರಬೇಕಾಗುತ್ತದೆ.

ಸುಬೇದಾರ್ ಮಾವನ ಲೆಕ್ಕ

ಹಾಸನ ಜಿಲ್ಲೆಯ ನಮ್ಮೂರಿನಲ್ಲಿ ಸೈನ್ಯದ ಎಂಜಿನಿಯರ್ ದಳದಲ್ಲಿದ್ದು ನಿವೃತ್ತರಾದ ಹಿರಿಯರೊಬ್ಬರಿದ್ದಾರೆ. ರಕ್ತಸಂಬಂಧವೇನೂ ಇಲ್ಲದಿದ್ದರೂ ಊರಿನ ಹುಡುಗರೆಲ್ಲ ಅವರನ್ನು ಸುಬೇದಾರ್ ಮಾವ ಎಂದೇ ಕರೆಯುತ್ತೇವೆ. ಲಂಕೆಯ ಮಾತನ್ನು ಅವರು ತಾವಾಗಿ ಎತ್ತುವವರಲ್ಲ. ಒಂದು ಸಂಜೆ ಅವರ ಮನೆಯ ಜಗಲಿಯಲ್ಲಿ ಶುಂಠಿ ಬೆಲೆ ಬಿದ್ದ ವಿಚಾರ ಮಾತಾಡುತ್ತ ಕೂತಿದ್ದಾಗ, ಎದುರಿನ ರಸ್ತೆಗೆ ಡಾಂಬರು ಹಾಕುತ್ತಿದ್ದವರನ್ನು ನೋಡಿ ಅವರು ಇದ್ದಕ್ಕಿದ್ದಂತೆ ಹೇಳಿದರು: "ಟಾರ್ ರೋಡ್ ಅಂದ್ರೆ ನಂಗೆ ಇವತ್ತಿಗೂ ನಂಬ್ಕೆ ಬರಾಕಿಲ್ಲ ಕಣೋ. ಅಲ್ಲಿ ರೋಡ್ ಅಡಿನಾಗೆ ಪ್ಲಾಸ್ಟಿಕ್ ಡ್ರಮ್ಮಲ್ಲಿ ಮದ್ದು ತುಂಬಿ ಹೂತಿಟ್ಟು, ವೈರ್ ಎಳ್ದು, ತೋಟದಾಗೆ ಕುಂತ್ಕಂಡು ಒತ್ತೋರು. ನಮ್ಮ ಮಿಶೀನು ಕಬ್ಬಿಣ ಹುಡುಕ್ತಿತ್ತು. ಅದ್ರಾಗೆ ಕಬ್ಬಿಣ ಎಲ್ಲೈತೆ?"

ಆ ಸಂಜೆ ಅವರು ಬಹಳ ಹೊತ್ತು ಮಾತಾಡಿದರು. ಪಲಾಲಿ ವಿಮಾನ ನಿಲ್ದಾಣದಲ್ಲಿ ಇಳಿದಾಗ ಜನ ಹೂಮಾಲೆ ಹಾಕಿ ಎಳನೀರು ಕೊಟ್ಟದ್ದು, ಇಳಿದವರ ಕೈಯಲ್ಲಿ ಸರಿಯಾದ ನಕ್ಷೆಯೂ ಇಲ್ಲದಿದ್ದದ್ದು, ಎರಡು ತಿಂಗಳ ಮೇಲೆ ಅದೇ ಬೀದಿಯಲ್ಲಿ ಮನೆಮನೆಯ ಮಾಡಿನಿಂದ ಗುಂಡು ಬಂದದ್ದು. ಅವರಲ್ಲಿ ರೋಷವಿರಲಿಲ್ಲ, ಹೆಮ್ಮೆಯನ್ನೂ ತೋರಿಸಿಕೊಳ್ಳಲಿಲ್ಲ. ಹಾಗಾದರೆ ಗೆದ್ದಿರೋ ಸೋತಿರೋ ಎಂದು ನಾನು ಕೇಳಿದೆ. ಅವರು ಕೊಟ್ಟ ಉತ್ತರ ನಾನು ಓದಿದ ಎಷ್ಟೋ ವಿಶ್ಲೇಷಣೆಗಳಿಗಿಂತ ಖಚಿತವಾಗಿತ್ತು: "ಹೇಳಿದ್ ಕೆಲ್ಸ ಮಾಡಿದ್ವಿ. ಆದ್ರೆ ಏನ್ ಕೆಲ್ಸ ಅನ್ನೋದ್ನೇ ಮೂರು ಸಲ ಬೇರೆಬೇರೆ ಹೇಳಿದ್ರು."

ಮೂರು ಸಲ ಎಂಬುದು ಬಾಯಿಗೆ ಬಂದ ಸಂಖ್ಯೆಯಲ್ಲ. ಮೊದಲು ಹೇಳಿದ್ದು, ಎರಡು ಕಡೆಯವರ ನಡುವೆ ನಿಂತು ಒಪ್ಪಂದದ ಜಾರಿಗೆ ಸಾಕ್ಷಿಯಾಗಿರಿ ಎಂದು. ಭಾರತೀಯ ಶಾಂತಿಪಾಲನಾ ಪಡೆ ಎಂಬ ಹೆಸರು ಬಂದದ್ದು ಆ ಕಾರಣಕ್ಕೆ. 72 ಗಂಟೆಗಳಲ್ಲಿ ಶಸ್ತ್ರಗಳನ್ನು ಒಪ್ಪಿಸಬೇಕೆಂಬುದು ಒಪ್ಪಂದದ ಷರತ್ತಾಗಿತ್ತು, ಸಂಗ್ರಹಿಸುವುದಷ್ಟೇ ಪಡೆಯ ಕೆಲಸ. ಅಕ್ಟೋಬರ್ 10ರಿಂದ, ಅಂದರೆ ಆಪರೇಷನ್ ಪವನ್ ಶುರುವಾದ ದಿನದಿಂದ, ಪ್ರಭಾಕರನ್ ನಾಯಕತ್ವದ, ಹುಲಿಗಳೆಂದೇ ಹೆಸರಾದ ತಮಿಳು ಉಗ್ರರ ಗುಂಪು ಎಲ್‌ಟಿಟಿಇಯ ಕೈಯಿಂದ ಆ ಶಸ್ತ್ರಗಳನ್ನು ಕಿತ್ತುಕೊಳ್ಳುವುದು ಕೆಲಸವಾಯಿತು. 1988ರ ಕೊನೆಯ ಹೊತ್ತಿಗೆ ಅದು ಮತ್ತೆ ಬದಲಾಗಿ, ಉತ್ತರ ಮತ್ತು ಪೂರ್ವ ಭಾಗಗಳನ್ನು ಸೇರಿಸಿದ ಈಶಾನ್ಯ ಪ್ರಾಂತೀಯ ಪರಿಷತ್ತಿಗೆ ಚುನಾವಣೆ ನಡೆಸಿ, ಹುಲಿಗಳ ಎದುರಾಳಿ ತಮಿಳು ಪಕ್ಷವಾದ ಇಪಿಆರ್‌ಎಲ್‌ಎಫ್‌ನ ವರದರಾಜ ಪೆರುಮಾಳ್ ಅವರ ಸರ್ಕಾರವನ್ನು ಕಾಯುವುದು ಕೆಲಸವಾಯಿತು. ಸಾಕ್ಷಿ, ಎದುರಾಳಿ, ಪೋಷಕ ಎಂಬ ಈ ಮೂರು ಪಾತ್ರಗಳನ್ನು ಒಂದೇ ಪಡೆ ಮೂವತ್ತೆರಡು ತಿಂಗಳಲ್ಲಿ ಧರಿಸಿತು. ಇವುಗಳಲ್ಲಿ ಯಾವುದನ್ನು ಹಿಡಿದು ಸಾಫಲ್ಯವನ್ನು ಅಳೆಯಬೇಕು? ಗೆದ್ದೆವು ಎನ್ನುವವರು ಎರಡನೆಯದನ್ನು ಹಿಡಿಯುತ್ತಾರೆ, ಏಕೆಂದರೆ ಅಕ್ಟೋಬರ್ ಮುಗಿಯುವುದರೊಳಗೆ ಜಾಫ್ನಾ ಪಟ್ಟಣ ನಮ್ಮ ವಶವಾಗಿತ್ತು. ಆದರೆ ಪಟ್ಟಣ ಹಿಡಿಯುವುದು ಯಾವ ಹಂತದಲ್ಲಿಯೂ ಗುರಿಯಾಗಿರಲಿಲ್ಲ. ಪಟ್ಟಣದೊಳಗಿದ್ದ ಶಸ್ತ್ರಧಾರಿಗಳನ್ನು ನಿಶ್ಶಸ್ತ್ರಗೊಳಿಸುವುದು ಗುರಿಯಾಗಿತ್ತು, ಮತ್ತು ಅವರು ತಮ್ಮ ಶಸ್ತ್ರಗಳ ಸಮೇತ ವನ್ನಿಯ ಕಾಡಿಗೆ ಸರಿದುಹೋಗಿದ್ದರು.

ಸೈನ್ಯ ಗೆದ್ದಿತು ಎಂಬ ಅರ್ಧವನ್ನೂ ಪರೀಕ್ಷಿಸದೆ ಒಪ್ಪಬೇಕಾಗಿಲ್ಲ. ಅಕ್ಟೋಬರ್ 11ರ ರಾತ್ರಿ ಜಾಫ್ನಾ ವಿಶ್ವವಿದ್ಯಾಲಯದ ಮೈದಾನಕ್ಕೆ ಹೆಲಿಕಾಪ್ಟರಿನಲ್ಲಿ ಪ್ಯಾರಾ ಕಮಾಂಡೊಗಳನ್ನೂ ಹದಿಮೂರನೆಯ ಸಿಖ್ ಲೈಟ್ ಇನ್‌ಫೆಂಟ್ರಿಯ ಮೂವತ್ತು ಜವಾನರನ್ನೂ ಇಳಿಸಲಾಯಿತು. ಹುಲಿಗಳ ನಾಯಕತ್ವವನ್ನೇ ಹಿಡಿದುಬಿಡುವ ಯೋಜನೆ ಅದು. ನಮ್ಮ ರೇಡಿಯೊ ಮಾತುಗಳನ್ನು ಅವರು ಮೊದಲೇ ಕದ್ದು ಕೇಳಿಸಿಕೊಂಡು ಕಾದಿದ್ದರು. ಗುಂಡಿನ ಮಳೆಯಲ್ಲಿ ಮುಂದಿನ ಹೆಲಿಕಾಪ್ಟರ್‌ಗಳು ಇಳಿಯಲಾಗಲಿಲ್ಲ. ಆ ಮೂವತ್ತು ಮಂದಿ ಸಿಖ್ ಜವಾನರಲ್ಲಿ ಇಪ್ಪತ್ತೊಂಬತ್ತು ಮಂದಿ ಮದ್ದುಗುಂಡು ಮುಗಿಯುವವರೆಗೆ ಹೋರಾಡಿ ಸತ್ತರು, ಒಬ್ಬರು ಸೆರೆಯಾದರು. ಅವರ ಶೌರ್ಯದ ಬಗ್ಗೆ ಎರಡು ಮಾತಿಲ್ಲ. ಆದರೆ ಬೇಹುಗಾರಿಕೆಯ ಕೊರತೆ, ಎದುರಾಳಿಯನ್ನು ಹಗುರವಾಗಿ ಎಣಿಸಿದ್ದು, ಕೆಲವೇ ವಾರಗಳಲ್ಲಿ ಎಲ್ಲ ಮುಗಿಯುತ್ತದೆಂಬ ಸೇನಾ ನಾಯಕತ್ವದ ಭರವಸೆ, ಇವನ್ನು ರಾಜಕಾರಣದ ಖಾತೆಗೆ ಬರೆಯಲು ಹೇಗೆ ಸಾಧ್ಯ? ಅದೇ ತಿಂಗಳ 21ರಂದು, ದೀಪಾವಳಿಯ ದಿನ, ಜಾಫ್ನಾ ಆಸ್ಪತ್ರೆಯೊಳಗೆ ನುಗ್ಗಿದ ನಮ್ಮ ಸೈನಿಕರ ಗುಂಡಿಗೆ ವೈದ್ಯರು, ದಾದಿಯರು ಮತ್ತು ರೋಗಿಗಳು ಸೇರಿ ಅರುವತ್ತಕ್ಕೂ ಹೆಚ್ಚು ಮಂದಿ ಸತ್ತರು. ಒಳಗಿನಿಂದ ಹುಲಿಗಳು ಗುಂಡು ಹಾರಿಸಿದ್ದರು ಎಂಬುದು ನಮ್ಮ ಕಡೆಯ ವಿವರಣೆ. ಬದುಕಿ ಉಳಿದ ಸಿಬ್ಬಂದಿ ಹೇಳಿದ ಕಥೆ ಬೇರೆ. 1989ರ ಆಗಸ್ಟ್‌ನಲ್ಲಿ ವಲ್ವೆಟ್ಟಿತುರೈಯಲ್ಲಿ ಆರು ಜವಾನರ ಸಾವಿನ ಬೆನ್ನಲ್ಲೇ ಐವತ್ತಕ್ಕೂ ಹೆಚ್ಚು ನಾಗರಿಕರ ಹತ್ಯೆಯಾಯಿತು. ಯಾರ ರಕ್ಷಣೆಗಾಗಿ ಪಡೆ ಹೋಗಿತ್ತೋ ಅವರೇ ಪಡೆಯಿಂದ ರಕ್ಷಣೆ ಬೇಡುವಂತಾದಾಗ, ಆ ಸಂಗತಿಯನ್ನು ಸೈನಿಕ ಯಶಸ್ಸಿನ ಪಟ್ಟಿಯಿಂದ ಹೊರಗಿಟ್ಟು ಲೆಕ್ಕ ಹಾಕುವುದು ನನಗೆ ಪ್ರಾಮಾಣಿಕವೆನಿಸುವುದಿಲ್ಲ.

ಸಹಿ ಹಾಕದವರ ಒಪ್ಪಂದ

ಇನ್ನು ರಾಜಕಾರಣ ಸೋತಿತು ಎಂಬ ಅರ್ಧ. ಇದು ನಿಜ, ಆದರೆ ಹೇಗೆ ಸೋತಿತು ಎಂದು ನೋಡದೆ ಒಪ್ಪಿದರೆ ನಷ್ಟ ನಮಗೇ. ಹೊಡೆದಾಡುತ್ತಿದ್ದವರು ಶ್ರೀಲಂಕಾ ಸರ್ಕಾರ ಮತ್ತು ತಮಿಳು ಉಗ್ರರು. ಒಪ್ಪಂದಕ್ಕೆ ಸಹಿ ಹಾಕಿದವರು ಶ್ರೀಲಂಕಾ ಸರ್ಕಾರ ಮತ್ತು ಭಾರತ ಸರ್ಕಾರ. ಪ್ರಭಾಕರನ್ ಅವರನ್ನು ದೆಹಲಿಯ ಅಶೋಕ ಹೋಟೆಲಿನಲ್ಲಿ ಇರಿಸಿಕೊಂಡು, ಹೊರಗೆ ಕಾವಲು ಹಾಕಿ, ಒಪ್ಪಿಗೆಯಂತೆ ತೋರುವ ಏನನ್ನೋ ಪಡೆದುಕೊಳ್ಳಲಾಯಿತು. ಆಗಸ್ಟ್‌ನಲ್ಲಿ ಕೆಲವು ಶಸ್ತ್ರಗಳು ಬಂದವು, ಹೆಚ್ಚಿನವು ಬರಲಿಲ್ಲ. ಸೆಪ್ಟೆಂಬರ್ 15ರಂದು ನಲ್ಲೂರಿನ ದೇವಸ್ಥಾನದ ಬಳಿ ಹುಲಿಗಳ ಪೈಕಿ ತಿಲೀಪನ್ ಎಂಬ ಯುವಕ ನೀರನ್ನೂ ಮುಟ್ಟದೆ ಉಪವಾಸಕ್ಕೆ ಕೂತು 26ರಂದು ಸತ್ತಾಗ ಜಾಫ್ನಾದ ಜನಮನಸ್ಸು ನಮ್ಮಿಂದ ದೂರವಾಯಿತು. ಅಕ್ಟೋಬರ್ ಮೊದಲ ವಾರದಲ್ಲಿ ಶ್ರೀಲಂಕಾದ ನೌಕಾಪಡೆ ಸಮುದ್ರದಲ್ಲಿ ಹಿಡಿದಿದ್ದ ಹದಿನೇಳು ಹುಲಿಗಳನ್ನು ಕೊಲಂಬೊಗೆ ಒಯ್ಯಲು ಹೊರಟಾಗ, ಪಲಾಲಿಯಲ್ಲಿ ನಮ್ಮವರ ಕಣ್ಣೆದುರೇ ಅವರು ಸಯನೈಡ್ ಕಚ್ಚಿದರು. ಮುಂದಾಳುಗಳಾದ ಪುಲೇಂದ್ರನ್ ಮತ್ತು ಕುಮಾರಪ್ಪ ಸೇರಿ ಹನ್ನೆರಡು ಮಂದಿ ಸತ್ತರು. ಮುಂದಿನ ಕೆಲವು ದಿನಗಳಲ್ಲಿ ಪೂರ್ವ ಭಾಗದಲ್ಲಿ ಸಿಂಹಳೀಯರ ಹತ್ಯೆಗಳು ನಡೆದವು, ಆನಂತರ ಆಪರೇಷನ್ ಪವನ್. ಅಲ್ಲಿಗೆ ಸಾಕ್ಷಿಯ ಪಾತ್ರ ಮುಗಿದಿತ್ತು. ನನಗೆ ಅನಿಸುವುದೇನೆಂದರೆ, ಅಕ್ಟೋಬರ್ 10ಕ್ಕೆ ದೆಹಲಿಯ ಮುಂದೆ ಎರಡು ದಾರಿಗಳಿದ್ದವು. ಜಾಮೀನುದಾರನ ಕೆಲಸ ಅಸಾಧ್ಯವಾಗಿದೆಯೆಂದು ಹೇಳಿ ಹಿಂದಕ್ಕೆ ಬರುವುದು ಒಂದು. ಜಾಮೀನು ನಿಂತವನೇ ಸಾಲಗಾರನ ಮನೆಗೆ ಜಪ್ತಿಗೆ ಹೋಗುವುದು ಇನ್ನೊಂದು. ಎರಡನೆಯದನ್ನು ಆರಿಸಿಕೊಂಡ ಮೇಲೆ ಎಷ್ಟು ಪಟ್ಟಣಗಳನ್ನು ಹಿಡಿದರೂ ಮೊದಲಿನ ಗುರಿಗೆ ಹಿಂದಿರುಗಲು ಸಾಧ್ಯವಿರಲಿಲ್ಲ.

ಈ ನಡುವೆ ಲಾಭ ಯಾರಿಗಾಯಿತು ಎಂಬ ಪ್ರಶ್ನೆಯನ್ನು ನಮ್ಮಲ್ಲಿ ಅಷ್ಟಾಗಿ ಕೇಳುವುದಿಲ್ಲ. ನಮ್ಮ ಪಡೆ ಉತ್ತರ ಮತ್ತು ಪೂರ್ವ ಭಾಗಗಳನ್ನು ವಹಿಸಿಕೊಂಡದ್ದರಿಂದ ಜಯವರ್ಧನೆ ತಮ್ಮ ಸೈನ್ಯವನ್ನು ದಕ್ಷಿಣಕ್ಕೆ ಕರೆಸಿಕೊಳ್ಳಲು ಸಾಧ್ಯವಾಯಿತು. ಅಲ್ಲಿ ಇದೇ ಒಪ್ಪಂದವನ್ನೂ ಭಾರತದ ಪ್ರವೇಶವನ್ನೂ ನೆಪ ಮಾಡಿಕೊಂಡು ಸಿಂಹಳೀಯರ ಎಡಪಂಥೀಯ ಪಕ್ಷ ಜನತಾ ವಿಮುಕ್ತಿ ಪೆರಮುನ ದಂಗೆಯೆದ್ದಿತ್ತು. ಒಪ್ಪಂದದ ಮರುದಿನ ಗೌರವ ರಕ್ಷೆಯ ಸಾಲಿನಲ್ಲಿ ನಿಂತಿದ್ದ ನಾವಿಕನೊಬ್ಬ ರಾಜೀವ್ ಗಾಂಧಿಯವರ ಮೇಲೆ ಬಂದೂಕಿನ ಹಿಡಿ ಬೀಸಿದ್ದು ಆ ಸಿಟ್ಟಿನ ಮೊದಲ ದೃಶ್ಯವಷ್ಟೆ. 1989ರ ನವೆಂಬರ್‌ನಲ್ಲಿ ದಂಗೆಯ ನಾಯಕ ರೋಹಣ ವಿಜೆವೀರ ಅವರನ್ನು ಹಿಡಿದು ಕೊಲ್ಲುವವರೆಗೆ ದಕ್ಷಿಣದಲ್ಲಿ ಸತ್ತವರ, ಕಾಣೆಯಾದವರ ಸಂಖ್ಯೆ ಹತ್ತಾರು ಸಾವಿರ. ಆ ಸಾವುಗಳನ್ನು ನಮ್ಮ ಲೆಕ್ಕಕ್ಕೆ ಸೇರಿಸಬೇಕೇ? ಪೂರ್ತಿಯಾಗಿ ಸೇರಿಸುವುದು ಅನ್ಯಾಯ, ಏಕೆಂದರೆ ಆ ದಂಗೆಗೆ ಅದರದೇ ಬೇರುಗಳಿದ್ದವು. ಆದರೆ ಹಸ್ತಕ್ಷೇಪದ ಯಶಸ್ಸನ್ನು ಅಳೆಯುವಾಗ ಪಡೆ ಕಾಲಿಟ್ಟ ಜಿಲ್ಲೆಗಳನ್ನು ಮಾತ್ರ ನೋಡುವುದೂ ಸರಿಯಲ್ಲ. ನೆರೆಮನೆಯ ಸೈನ್ಯ ಒಳಗೆ ಬಂದಾಗ ಇಡೀ ದೇಶದ ಸಮತೋಲ ಕದಲುತ್ತದೆ.

ಗೋಡೆ ಗಡಿಯಾರಗಳು

ಯಾವ ದಿನ ನಿಂತು ಲೆಕ್ಕ ಹಾಕುತ್ತೇವೆ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ. 1987ರ ನವೆಂಬರಿನಲ್ಲಿ ನಿಂತರೆ ಜಾಫ್ನಾ ನಮ್ಮ ಕೈಯಲ್ಲಿದೆ. 1988ರ ನವೆಂಬರಿನಲ್ಲಿ ನಿಂತರೆ ಚುನಾವಣೆ ನಡೆದಿದೆ, ತಮಿಳರ ಪ್ರಾಂತ್ಯಕ್ಕೆ ಮುಖ್ಯಮಂತ್ರಿ ಸಿಗಲಿದ್ದಾರೆ. 1990ರ ಮಾರ್ಚ್ 24ಕ್ಕೆ ಕೊನೆಯ ತುಕಡಿ ತ್ರಿಂಕೋಮಲೆಯಿಂದ ಹಡಗು ಹತ್ತುತ್ತದೆ. ಮದ್ರಾಸಿನಲ್ಲಿ ಅವರನ್ನು ಸ್ವಾಗತಿಸಲು ಮುಖ್ಯಮಂತ್ರಿ ಕರುಣಾನಿಧಿ ಹೋಗುವುದಿಲ್ಲ. 1991ರ ಮೇ 21ರಂದು ಶ್ರೀಪೆರಂಬದೂರಿನಲ್ಲಿ ರಾಜೀವ್ ಗಾಂಧಿ ಹತರಾಗುತ್ತಾರೆ. ಅವರು ಮತ್ತೆ ಅಧಿಕಾರಕ್ಕೆ ಬಂದರೆ ಪಡೆಯನ್ನು ಮತ್ತೆ ಕಳುಹಿಸಬಹುದೆಂಬ ಭಯ ಆ ಸಂಚಿನ ಹಿಂದಿತ್ತು ಎಂಬುದು ತನಿಖೆಯ ನಿಲುವು. ಅದೇ ಆಗಸ್ಟ್‌ನಲ್ಲಿ ಬೆಂಗಳೂರಿನ ಕೋಣನಕುಂಟೆಯ ಮನೆಯೊಂದರಲ್ಲಿ ಆ ಸಂಚಿನ ಮುಂದಾಳು ಶಿವರಸನ್ ಮತ್ತು ಅವನ ಸಂಗಡಿಗರು ಸತ್ತು ಬಿದ್ದರು. ಕರ್ನಾಟಕದ ಬಹುಮಂದಿಗೆ ಈ ಇಡೀ ಇತಿಹಾಸ ನೆನಪಿರುವುದು ಆ ಒಂದು ಮನೆಯ ಚಿತ್ರದಿಂದ. ಶ್ರೀಲಂಕಾ ಸೈನ್ಯ ಹುಲಿಗಳನ್ನು ಮುಗಿಸಿದ 2009ರ ಮೇ ತಿಂಗಳಲ್ಲಿ ನಿಂತವರು, ಹುಲಿಗಳನ್ನು ಸೋಲಿಸಲು ಸಾಧ್ಯವಿತ್ತಲ್ಲ, ನಮ್ಮವರನ್ನು ಬೇಗ ಹಿಂದಕ್ಕೆ ಕರೆಸಿಕೊಂಡದ್ದೇ ತಪ್ಪು ಎನ್ನುತ್ತಾರೆ. ಆ ಗೆಲುವಿಗೆ ಅಲ್ಲಿನ ಸರ್ಕಾರ ತೆತ್ತ ಬೆಲೆಯನ್ನು, ಅಂದರೆ ಮುಳ್ಳಿವಾಯ್ಕಾಲ್‌ನ ಮರಳಿನಲ್ಲಿ ಸತ್ತ ಸಾವಿರಾರು ನಾಗರಿಕರನ್ನು, ಭಾರತೀಯ ಪಡೆಯೊಂದು ತೆರಬಹುದಿತ್ತೇ ಎಂಬ ಪ್ರಶ್ನೆಗೆ ಅವರಲ್ಲಿ ಉತ್ತರವಿಲ್ಲ.

ಹಾಗಿದ್ದರೆ ಗಡಿಯಾರವನ್ನು ಎಲ್ಲಿ ನಿಲ್ಲಿಸಬೇಕು? 1971ರ ಬಾಂಗ್ಲಾದೇಶವನ್ನು ನಾವು ನಿರಾಯಾಸವಾಗಿ ಯಶಸ್ಸು ಎನ್ನುತ್ತೇವೆ. ಹದಿಮೂರು ದಿನಗಳ ಯುದ್ಧ, 93,000 ಸೆರೆಯಾಳುಗಳು, 1972ರ ಮಾರ್ಚ್ ಮಧ್ಯದ ಹೊತ್ತಿಗೆ ಢಾಕಾದಿಂದ ನಿರ್ಗಮನ. ಆದರೆ 1975ರ ಆಗಸ್ಟ್‌ನಲ್ಲಿ ಶೇಖ್ ಮುಜೀಬರನ್ನು ಅವರದೇ ಸೇನಾಧಿಕಾರಿಗಳು ಕುಟುಂಬ ಸಮೇತ ಕೊಂದರು, ನಂತರದ ಸರ್ಕಾರಗಳು ಬಹುಕಾಲ ನಮಗೆ ಮುಖ ತಿರುಗಿಸಿದವು. ಅದನ್ನು 1971ರ ಸೋಲೆಂದು ನಾವು ಬರೆದುಕೊಳ್ಳುವುದಿಲ್ಲ. 1975ನ್ನು 1971ರ ಖಾತೆಗೆ ಹಾಕದ ನಾನು 1991ನ್ನು 1987ರ ಖಾತೆಗೆ ಹಾಕಬಹುದೇ ಎಂದು ಬಹಳ ದಿನ ಯೋಚಿಸಿದ್ದೇನೆ. ಹಾಕಬಾರದು ಎಂದೇ ಈಗ ನನ್ನ ಅಭಿಪ್ರಾಯ. ಒಂದು ಹತ್ಯೆಯಿಂದ ನೀತಿಯ ಸರಿತಪ್ಪು ತೀರ್ಮಾನವಾಗುವುದಿಲ್ಲ. ಆದರೆ ಎರಡರ ನಡುವೆ ಬೇರೊಂದು ವ್ಯತ್ಯಾಸವಿದೆ. 1972ರಲ್ಲಿ ನಮ್ಮ ಸೈನ್ಯ ಹೊರಬಿದ್ದ ಮರುದಿನವೂ ಬಾಂಗ್ಲಾದೇಶ ಇತ್ತು. ಆಮೇಲೆ ಅದು ಏನೇನು ಮಾಡಿಕೊಂಡಿತೋ ಅದು ಅದರ ಚರಿತ್ರೆ. ಈಶಾನ್ಯ ಪ್ರಾಂತ್ಯದ ಸರ್ಕಾರವಾದರೋ ನಮ್ಮ ಕೊನೆಯ ಹಡಗು ಹೊರಡುವ ಮೊದಲೇ ಕುಸಿದಿತ್ತು. 1990ರ ಮಾರ್ಚ್ 1ರಂದು ಪೆರುಮಾಳ್ ಈಳಂ, ಅಂದರೆ ಪ್ರತ್ಯೇಕ ತಮಿಳು ದೇಶದ ಘೋಷಣೆಯ ಮಾತಾಡಿ, ದಿನಗಳೊಳಗೆ ದೇಶ ಬಿಟ್ಟು ಭಾರತಕ್ಕೆ ಬಂದರು. ಜೂನ್ 19ರಂದು ಅವರ ಪಕ್ಷದ ಪದ್ಮನಾಭ ಅವರನ್ನು ಸಂಗಡಿಗರೊಂದಿಗೆ ಹುಲಿಗಳು ಮದ್ರಾಸಿನಲ್ಲೇ ಕೊಂದರು. ನಿರ್ಗಮನದ ಮರುದಿನ ಏನು ನಿಂತಿರುತ್ತದೆ ಎಂಬುದನ್ನೇ ನಾನು ಅಳತೆಗೋಲಾಗಿ ಇಟ್ಟುಕೊಂಡಿದ್ದೇನೆ.

ಈ ಅಳತೆಗೋಲನ್ನು ಬೇರೆ ಕಡೆಯೂ ಇಟ್ಟು ನೋಡಬಹುದು. ವಿಯೆಟ್ನಾಂ 1978ರ ಡಿಸೆಂಬರ್ 25ರಂದು ಕಾಂಬೋಡಿಯಾದೊಳಗೆ ನುಗ್ಗಿ ಜನವರಿ 7ಕ್ಕೆ ನಾಮ್ ಪೆನ್ ಹಿಡಿಯಿತು. ಪೋಲ್ ಪಾಟ್‌ನ ಕೊಲೆಗಡುಕ ಆಡಳಿತ ಅಲ್ಲಿಗೆ ಮುಗಿಯಿತು. ಆದರೂ ಪ್ರಪಂಚ ವಿಯೆಟ್ನಾಮನ್ನು ಆಕ್ರಮಣಕಾರಿ ಎಂದಿತು, ವಿಶ್ವಸಂಸ್ಥೆಯಲ್ಲಿ ಕಾಂಬೋಡಿಯಾದ ಕುರ್ಚಿಯಲ್ಲಿ ಖ್ಮೇರ್ ರೂಜ್ ಕಡೆಯವರೇ ಮುಂದುವರಿದರು, ವಿಯೆಟ್ನಾಂ ಹತ್ತು ವರ್ಷ ರಕ್ತವನ್ನೂ ಹಣವನ್ನೂ ಸುರಿಯಿತು. 1989ರ ಸೆಪ್ಟೆಂಬರ್‌ನಲ್ಲಿ ಅದು ಹೊರಟಾಗ, ಅದು ಕಟ್ಟಿದ್ದ ಸರ್ಕಾರ ಬೀಳಲಿಲ್ಲ, ಪೋಲ್ ಪಾಟ್ ಮರಳಲಿಲ್ಲ. ಪ್ರಜಾಪ್ರಭುತ್ವದ ದೃಷ್ಟಿಯಿಂದ ಆ ಸರ್ಕಾರದ ಬಗ್ಗೆ ನೂರು ಆಕ್ಷೇಪಗಳಿರಬಹುದು, ನನಗೂ ಇವೆ. ಆದರೆ ಕೊಲೆಯಾಗಬೇಕಿದ್ದವರು ಬದುಕಿದರು. ನಮ್ಮದೇ ಇನ್ನೊಂದು ಉದಾಹರಣೆ ಮಾಲ್ಡೀವ್ಸ್. ಲಂಕೆಯಲ್ಲಿ ನಮ್ಮವರು ಸಿಲುಕಿಕೊಂಡಿದ್ದ ಕಾಲದಲ್ಲೇ, 1988ರ ನವೆಂಬರ್ 3ರ ರಾತ್ರಿ, ಕ್ಷಿಪ್ರಕ್ರಾಂತಿಯ ಯತ್ನಕ್ಕೆ ಸಿಲುಕಿದ್ದ ಅಧ್ಯಕ್ಷ ಗಯೂಮ್ ಅವರ ಕೋರಿಕೆಯ ಮೇರೆಗೆ ಆಗ್ರಾದಿಂದ ಹೊರಟ ಪ್ಯಾರಾ ಯೋಧರು ಹುಳುಳೆಯಲ್ಲಿ ಇಳಿದರು, ಮರುದಿನಕ್ಕೆ ಮಾಲೆ ಶಾಂತವಾಯಿತು. ಅಲ್ಲಿ ಕರೆದವರು ಯಾರೆಂಬುದು ಸ್ಪಷ್ಟ, ಎದುರಾಳಿ ಹೊರಗಿನಿಂದ ಬಂದ ಬಾಡಿಗೆ ಬಂಟರು, ಕೆಲಸ ಒಂದೇ. ಸೇನಾಪತಿಗಳು ಬದಲಾಗಿದ್ದಕ್ಕೆ ಫಲಿತಾಂಶ ಬದಲಾದದ್ದಲ್ಲ. ಕೇಳಿದ ಪ್ರಶ್ನೆಯೇ ಸುಲಭದ್ದಾಗಿತ್ತು.

ಜಾಫ್ನಾದ ಒಂದು ವರಾಂಡ

ಕೊಲಂಬೊದಿಂದ ಜಾಫ್ನಾಕ್ಕೆ ಯಾಳ್ ದೇವಿ ರೈಲು ಮತ್ತೆ ಓಡಲು ಶುರುವಾದ ಕೆಲವು ವರ್ಷಗಳ ಮೇಲೆ ನಾನೂ ಒಮ್ಮೆ ಹೋಗಿದ್ದೆ. ಪರಿಚಯದವರ ಮೂಲಕ ನಿವೃತ್ತ ಶಾಲಾ ಶಿಕ್ಷಕರೊಬ್ಬರ ಮನೆಯಲ್ಲಿ ಒಂದು ಮಧ್ಯಾಹ್ನ ಕಳೆಯುವಂತಾಯಿತು. ತಾಳೆಮರಗಳ ನೆರಳು ಬೀಳುತ್ತಿದ್ದ ವರಾಂಡದಲ್ಲಿ ಕೂತು ಅವರು ಅಚ್ಚುಕಟ್ಟಾದ ಇಂಗ್ಲಿಷಿನಲ್ಲಿ, ನಡುನಡುವೆ ತಮಿಳಿನಲ್ಲಿ ಮಾತಾಡಿದರು. ನನ್ನ ದೇಶದ ಬಗ್ಗೆ ಅವರಿಗೆ ಕೋಪವಿರಬಹುದೆಂದು ನಾನು ಸಿದ್ಧನಾಗಿ ಹೋಗಿದ್ದೆ. ಅವರು ಮದ್ರಾಸಿನಲ್ಲಿ ಓದಿದವರು, ಹಿಂದೂ ಪತ್ರಿಕೆಯ ಕ್ರಿಕೆಟ್ ವರದಿಗಳನ್ನು ಕತ್ತರಿಸಿ ಇಟ್ಟುಕೊಂಡಿದ್ದವರು. ಪಡೆ ಬಂದಾಗ ಹೂಮಾಲೆ ಹಿಡಿದು ಸಾಲಿನಲ್ಲಿ ನಿಂತಿದ್ದವರಲ್ಲಿ ತಾವೂ ಒಬ್ಬರೆಂದು ನಗುತ್ತ ಹೇಳಿದರು. ಅಕ್ಟೋಬರಿನ ಬಗ್ಗೆ ಹೆಚ್ಚು ಹೇಳಲಿಲ್ಲ. ಮನೆ ಬಿಟ್ಟು ದೇವಸ್ಥಾನದಲ್ಲಿ ಮಲಗಿದೆವು, ಹಿಂದಿರುಗಿದಾಗ ಬಾವಿಯ ನೀರು ಕುಡಿಯುವಂತಿರಲಿಲ್ಲ, ಎಂದಷ್ಟೇ ಹೇಳಿ ಮಾತು ಬದಲಿಸಿದರು.

ಅವರು ನಿಧಾನವಾಗಿ, ವಿವರವಾಗಿ ಹೇಳಿದ್ದು 1989ರ ಬಗ್ಗೆ. ಪಡೆ ಹಿಂದಿರುಗುವುದು ಖಚಿತವಾದ ಮೇಲೆ ಪ್ರಾಂತೀಯ ಸರ್ಕಾರವನ್ನು ಕಾಯಲು ತಮಿಳು ರಾಷ್ಟ್ರೀಯ ಸೇನೆ ಎಂಬುದನ್ನು ಕಟ್ಟಲಾಯಿತು. ಅದಕ್ಕೆ ಹುಡುಗರನ್ನು ಬಸ್ ನಿಲ್ದಾಣಗಳಿಂದ, ಟ್ಯೂಷನ್ ತರಗತಿಗಳಿಂದ ಹಿಡಿದುಕೊಂಡು ಹೋಗುತ್ತಿದ್ದರು. ಅವರ ಶಾಲೆಯ ಹತ್ತನೆಯ ತರಗತಿಯ ಹುಡುಗನೊಬ್ಬನನ್ನು ಸೈಕಲ್ ಸಮೇತ ಒಯ್ದರು. ತಾಯಿ ಇವರ ಬಳಿ ಬಂದಳು. ಇವರು ಹತ್ತಿರದ ಭಾರತೀಯ ಶಿಬಿರಕ್ಕೆ ಹೋಗಿ ಅಲ್ಲಿನ ಅಧಿಕಾರಿಯನ್ನು ಕಂಡರು. ಆ ಅಧಿಕಾರಿ ಒಳ್ಳೆಯವನಿದ್ದ, ಚಹಾ ಕೊಟ್ಟ, ಹೆಸರು ಬರೆದುಕೊಂಡ, ಆದರೆ ಅದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಎಂದ. ಹುಡುಗನ ಕೈಗೆ ಬಂದೂಕು ಕೊಟ್ಟು ಕೆಲವು ವಾರಗಳ ತರಬೇತಿ ಕೊಟ್ಟರು. ಪಡೆ ಹಿಂದೆ ಸರಿದ ಒಂದೊಂದು ಊರಿಗೂ ಹುಲಿಗಳು ಬಂದರು. ಹುಡುಗ ಮರಳಲಿಲ್ಲ. "ನೀವು ಹೋದ ದಿನ ನಮಗೆ ಸಂತೋಷವೂ ಆಗಲಿಲ್ಲ, ದುಃಖವೂ ಆಗಲಿಲ್ಲ. ನಾಳೆಯಿಂದ ದೂರು ಕೊಡಲು ಯಾರ ಬಳಿ ಹೋಗಬೇಕು ಎಂಬುದೊಂದೇ ಯೋಚನೆ" ಎಂದರು ಮೇಷ್ಟ್ರು.

ಆ ತಾಯಿಯ ಕಡೆಯಿಂದ ನೋಡಿದರೆ ಹಸ್ತಕ್ಷೇಪದ ಪರೀಕ್ಷೆ ನಡೆಯುವುದು ಅದು ಮುಗಿಯುವ ಹೊತ್ತಿನಲ್ಲಿ. ಬರುವಾಗ ಒಬ್ಬರ ಕೋರಿಕೆ ಸಾಕು, ಹೋಗುವಾಗ ನಮ್ಮನ್ನು ನಂಬಿ ಹೊರಗೆ ಬಂದವರೆಲ್ಲರ ಹೊಣೆ ನಮ್ಮದಾಗಿರುತ್ತದೆ. ಪ್ರೇಮದಾಸ ಅಧ್ಯಕ್ಷರಾದ ಮೇಲೆ ಎಲ್‌ಟಿಟಿಇಯೊಂದಿಗೆ ಮಾತುಕತೆಗಿಳಿದು, ಭಾರತೀಯ ಪಡೆಯ ವಿರುದ್ಧ ಹೋರಾಡಲು ಅವರಿಗೇ ಶಸ್ತ್ರ ಒದಗಿಸಿದ್ದು ಈಗ ಗುಟ್ಟಲ್ಲ. 1989ರ ಜುಲೈ 29ರೊಳಗೆ ಹೊರಡಿ ಎಂದು ಅವರು ಹೇಳಿದ ಮೇಲೆ ನಾವಲ್ಲಿ ಇನ್ನೂ ಇದ್ದದ್ದು ಯಾರ ಕೋರಿಕೆಯ ಮೇಲೆ? ಕರೆದ ಮನೆಯವರೇ ಬಾಗಿಲು ತೋರಿಸಿದ್ದಾರೆ, ಯಾರ ಸಲುವಾಗಿ ಬಂದೆವೋ ಅವರು ಮುಖ ತಿರುಗಿಸಿದ್ದಾರೆ. ಉಳಿದದ್ದು ಇಪಿಆರ್‌ಎಲ್‌ಎಫ್ ಒಂದೇ, ಅದಕ್ಕೆ ನಮ್ಮ ಬಂದೂಕಿನ ನೆರಳು ಬಿಟ್ಟರೆ ಬೇರೆ ನೆಲೆಯಿರಲಿಲ್ಲ. ಹೊಸ ಗುರಿಯೊಂದನ್ನು ಹುಟ್ಟಿಸಿಕೊಳ್ಳದೆ 1988ರಲ್ಲೇ ಹೊರಟಿದ್ದರೆ ಸೋಲಿನ ಗಾತ್ರ ಚಿಕ್ಕದಾಗಿರುತ್ತಿತ್ತು ಎಂಬುದು ನನ್ನ ತೀರ್ಮಾನ. ವಿ. ಪಿ. ಸಿಂಗ್ ಸರ್ಕಾರ ಪಡೆಯನ್ನು ಹಿಂದಕ್ಕೆ ಕರೆಸಿದ್ದನ್ನು ನಾನು ದೂರಲಾರೆ. ಹಿಂದಕ್ಕೆ ಬರುವ ಮುನ್ನ ಮಕ್ಕಳ ಕೈಗೆ ಬಂದೂಕು ಕೊಡುವುದನ್ನು ನೋಡುತ್ತ ನಿಂತದ್ದನ್ನು ಮಾತ್ರ ಯಾವ ಲೆಕ್ಕದಲ್ಲಿಯೂ ಸರಿಹೊಂದಿಸಲಾರೆ.

ಉಳಿದದ್ದು ಏನು

ನಮ್ಮ ವಿದೇಶಾಂಗ ನೀತಿಯ ಪಂಡಿತರು ಇಲ್ಲಿ ಒಂದು ವಾದವನ್ನು ಮುಂದಿಡುತ್ತಾರೆ. ತಮಿಳರ ರಕ್ಷಣೆ ಹೊರಗೆ ಹೇಳಿದ ಗುರಿ, ತ್ರಿಂಕೋಮಲೆ ಬಂದರಿಗೆ ಹೊರಗಿನ ಶಕ್ತಿಗಳು ಬಾರದಂತೆ ನೋಡಿಕೊಳ್ಳುವುದು ಒಳಗಿನ ಗುರಿ, ಅದು ಈಡೇರಿತು ಎನ್ನುತ್ತಾರೆ. ಒಪ್ಪಂದದ ಜೊತೆ ವಿನಿಮಯವಾದ ಪತ್ರಗಳಲ್ಲಿ ಆ ಮಾತು ಇದೆ, ತ್ರಿಂಕೋಮಲೆಯ ತೈಲ ಟ್ಯಾಂಕುಗಳನ್ನು ಜಂಟಿಯಾಗಿ ನವೀಕರಿಸುವ ಮಾತೂ ಇದೆ. ಆ ಟ್ಯಾಂಕುಗಳ ಬಗ್ಗೆ ಪೂರ್ಣ ರೂಪದ ಒಪ್ಪಂದ ಕುದುರಿದ್ದು 2022ರ ಜನವರಿಯಲ್ಲಿ, ಅದೂ ಶ್ರೀಲಂಕಾ ದಿವಾಳಿಯ ಅಂಚಿನಲ್ಲಿ ನಮ್ಮ ಸಾಲಕ್ಕೆ ಕೈಚಾಚಿದ್ದಾಗ. ಅದಕ್ಕೆ ಐದು ವರ್ಷ ಮೊದಲು ಹಂಬಂತೋಟ ಬಂದರು 99 ವರ್ಷಗಳ ಗುತ್ತಿಗೆಗೆ ಚೀನಾದ ಕಂಪನಿಗೆ ಹೋಗಿತ್ತು. ಒಂದು ದ್ವೀಪದ ಬಂದರುಗಳನ್ನು ಯಾರಿಗೆ ಕೊಡಬೇಕೆಂಬ ತೀರ್ಮಾನ ಸೈನ್ಯದ ನೆನಪಿನಿಂದ ಆಗುವುದಿಲ್ಲ, ಆಯಾ ಕಾಲದ ಸಾಲ ಮತ್ತು ಅಗತ್ಯಗಳಿಂದ ಆಗುತ್ತದೆ.

ನಿಜವಾಗಿ ಉಳಿದದ್ದು ಒಂದೇ, ಶ್ರೀಲಂಕಾ ಸಂವಿಧಾನದ ಹದಿಮೂರನೆಯ ತಿದ್ದುಪಡಿ. ತಮಿಳನ್ನು ಅಧಿಕೃತ ಭಾಷೆಯಾಗಿಸಿದ್ದು, ಪ್ರಾಂತೀಯ ಪರಿಷತ್ತುಗಳನ್ನು ಹುಟ್ಟುಹಾಕಿದ್ದು ಅದೇ. ಉತ್ತರ ಮತ್ತು ಪೂರ್ವ ಪ್ರಾಂತ್ಯಗಳ ವಿಲೀನವನ್ನು ಅಲ್ಲಿನ ಸುಪ್ರೀಂ ಕೋರ್ಟ್ 2006ರಲ್ಲಿ ಅಸಿಂಧುವೆಂದಿತು. ಭೂಮಿ ಮತ್ತು ಪೊಲೀಸ್ ಅಧಿಕಾರಗಳು ಪ್ರಾಂತ್ಯಗಳಿಗೆ ಇಂದಿಗೂ ಪೂರ್ತಿಯಾಗಿ ದಕ್ಕಿಲ್ಲ. ಉತ್ತರ ಪ್ರಾಂತ್ಯಕ್ಕೆ 2013ರಲ್ಲಿ ಚುನಾವಣೆ ನಡೆದು ವಿಘ್ನೇಶ್ವರನ್ ಮುಖ್ಯಮಂತ್ರಿಯಾದರು, ಆ ಪರಿಷತ್ತಿನ ಅವಧಿ 2018ರಲ್ಲಿ ಮುಗಿದ ಮೇಲೆ ಚುನಾವಣೆ ಮುಂದಕ್ಕೆ ಹೋಗುತ್ತಲೇ ಬಂತು. ಇಷ್ಟು ಸವಕಲಾದರೂ ಕಾನೂನು ಪುಸ್ತಕದಲ್ಲಿ ಅದು ಉಳಿದಿದೆ. ತಮಿಳು ಪಕ್ಷಗಳು ಹಕ್ಕು ಕೇಳುವಾಗ ಬೆರಳಿಟ್ಟು ತೋರಿಸಲು ಅದೊಂದು ಪುಟವಿದೆ, ದೆಹಲಿ ಕೊಲಂಬೊಗೆ ಪ್ರತಿ ಸಲ ನೆನಪಿಸುವುದೂ ಅದನ್ನೇ. ನಾನು ಇಟ್ಟುಕೊಂಡ ಅಳತೆಗೋಲಿನ ಪ್ರಕಾರ, ಪಡೆ ಹೊರಟ ಮರುದಿನವೂ ನಿಂತಿದ್ದದ್ದು ಇದೊಂದೇ.

ಇದನ್ನು ಪಡೆಯ ಸಾಧನೆಯೆಂದು ಬರೆಯಬಹುದೇ? ತಿದ್ದುಪಡಿ ಜಾರಿಗೆ ಬಂದದ್ದು 1987ರ ನವೆಂಬರ್ ಮಧ್ಯದಲ್ಲಿ, ಜಾಫ್ನಾದ ಕಾಳಗ ಮುಗಿದು ಇನ್ನೂ ತಿಂಗಳಾಗಿರಲಿಲ್ಲ. ದಿನಾಂಕಗಳನ್ನು ಅಕ್ಕಪಕ್ಕ ಇಟ್ಟರೆ ಕಾಳಗದಿಂದಲೇ ಅದು ದಕ್ಕಿತೆಂದು ತೋರಬಹುದು. ಆದರೆ ಅದರ ಭರವಸೆ ಬಂದದ್ದು ಜುಲೈ 29ರ ಸಹಿಯಲ್ಲಿ, ಆ ಸಹಿಯನ್ನು ತಂದದ್ದು ಜೂನ್ 4ರಿಂದ ಶುರುವಾದ ಎಂಟು ವಾರಗಳ ಒತ್ತಡ. ಆ ಎಂಟು ವಾರಗಳಲ್ಲಿ ಭಾರತದ ಒಬ್ಬ ಸೈನಿಕನೂ ಲಂಕೆಯ ನೆಲದಲ್ಲಿ ಗುಂಡು ಹಾರಿಸಿರಲಿಲ್ಲ. ಅನಂತರದ ಮೂವತ್ತೆರಡು ತಿಂಗಳಲ್ಲಿ ಆ ಪುಟಕ್ಕೆ ಒಂದು ಸಾಲು ಹೆಚ್ಚಿನ ಅಧಿಕಾರವೂ ಸೇರಲಿಲ್ಲ.